ಭಜಿ ಬಂಡಿಯವನ ಬೆರಳು ಕೊಯ್ದಿತ್ತು, ನನಗೆ ಎಚ್‌ಐವಿ ಬರುತ್ತಾ?

ನೀವು ಬರೆದದ್ದು ಇಷ್ಟು. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಮಿರ್ಚಿ ಭಜಿ ತಿಂದಿರಿ. ಆಮೇಲೆ ನೋಡಿದರೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದವನ ಬೆರಳಲ್ಲಿ ರಕ್ತ. ನಿಮಗೆ ಬಾಯಿಹುಣ್ಣು ಬೇರೆ. ಅಂದಿನಿಂದ ನಿದ್ದೆ ಇಲ್ಲ, ಮಗಳಿಗೆ ಕೈತುತ್ತು ಕೊಡುವುದನ್ನೂ ಬಿಟ್ಟಿದ್ದೀರಿ.

ಬರೋದಿಲ್ಲ ನೋಡ್ರಿ. ನಾನು ಯಾದಗಿರಿ ಜಿಲ್ಲೆಯ ಒಂದು ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಆಪ್ತಸಮಾಲೋಚಕಿ. ಈ ಪ್ರಶ್ನೆ ನಮಗೆ ಹೊಸದಲ್ಲ. ಒಮ್ಮೆ ಪಾನಿಪುರಿ, ಒಮ್ಮೆ ಜ್ಯೂಸ್ ಪ್ಯಾಕೆಟ್, ಒಮ್ಮೆ ರಕ್ತ ಚುಚ್ಚಿದ ಬಾಳೆಹಣ್ಣು. ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಓಡಾಡಿದ ವಾರ ನಮ್ಮಲ್ಲಿ ಜನ ಜಾಸ್ತಿ.

ಈ ವೈರಸ್ ಬೆಳೆಯುವುದು ಮನುಷ್ಯನ ಮೈಯೊಳಗಿನ ಕೆಲವು ಜೀವಕೋಶಗಳಲ್ಲಿ ಮಾತ್ರ. ಹೊರಗೆ ಬಿದ್ದು ಗಾಳಿಗೆ ಒಣಗಿದರೆ ಅದರ ಶಕ್ತಿ ಹೋಗುತ್ತದೆ. ಬಿಸಿಗೂ ತಡೆಯುವುದಿಲ್ಲ. ಉಳ್ಳಾಗಡ್ಡಿ ಹಸಿ ಇತ್ತಲ್ಲ ಅಂತೀರಾ? ಹೊಟ್ಟೆಯ ಆಮ್ಲ ಇದೆಯಲ್ಲ. ಬಾಯಿಹುಣ್ಣಿದ್ದರೂ ನನ್ನ ಉತ್ತರ ಇದೇ.

ಊಟದ ದಾರಿಯಲ್ಲಿ ಬಂದದ್ದು ಅಂತ ದಾಖಲಾಗಿರುವುದು ಒಂದೇ ಬಗೆ: ಎಚ್‌ಐವಿ ಇದ್ದ ದೊಡ್ಡವರು ತಮ್ಮ ಬಾಯಲ್ಲಿ ಅಗಿದು ಕೂಸಿಗೆ ತಿನ್ನಿಸಿದ್ದು. ಅಮೆರಿಕದಲ್ಲಿ ಅಂಥ ಮೂರು ಪ್ರಕರಣಗಳನ್ನು 2008ರಲ್ಲಿ ವರದಿ ಮಾಡಿದರು. ಒಸಡಿನ ರಕ್ತ ತುತ್ತಿಗೆ ಸೇರಿರಬೇಕು ಅಂತ ಅವರ ಲೆಕ್ಕ. ನಮ್ಮ ಕಡೆ ಅಜ್ಜಿಯರು ರೊಟ್ಟಿ ಅಗಿದು ಕೂಸಿಗೆ ಕೊಡುವುದುಂಟು, ಅದಕ್ಕೇ ಹೇಳಿದೆ. ಕೈತುತ್ತಿಗೂ ಇದಕ್ಕೂ ಸಂಬಂಧವಿಲ್ಲ. ಮಗಳಿಗೆ ಇವತ್ತೇ ಉಣ್ಣಿಸಿ.

ಈ ಭಜಿಗಾಗಿ ಪರೀಕ್ಷೆ ಬೇಕಿಲ್ಲ. ಆದರೆ ಊಟದ ಹೆಸರಲ್ಲಿ ಬಂದು, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಬೇರೆಯದನ್ನು ಹೇಳಿದವರೂ ಇದ್ದಾರೆ. ನಿಮಗೂ ಹಾಗೇನಾದರೂ ಇದ್ದರೆ, ಕಾಂಡೋಮ್ ಇಲ್ಲದ ಸಂಬಂಧವೋ, ಇನ್ನೊಬ್ಬರು ಬಳಸಿದ ಸಿರಿಂಜೋ, ಹತ್ತಿರದ ಐಸಿಟಿಸಿಗೆ ಹೋಗಿ. ದುಡ್ಡು ಕೊಡಬೇಕಿಲ್ಲ, ಗುಟ್ಟು ಹೊರಗೆ ಹೋಗುವುದಿಲ್ಲ. ಹಾಗೆ ನಡೆದು 72 ಗಂಟೆ ಕಳೆದಿಲ್ಲದಿದ್ದರೆ ಸೋಂಕು ತಡೆಯುವ ಮಾತ್ರೆಯೂ ಇದೆ, ತಡ ಮಾಡಬೇಡಿ. ಮುಖ ತೋರಿಸಲು ಸಂಕೋಚವಿದ್ದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಗಾಯಕ್ಕೆ ಪಟ್ಟಿ ಕಟ್ಟದೆ ಹೆಚ್ಚಿದ್ದು ಆ ಬಂಡಿಯವನ ತಪ್ಪೇ. ಆದರೆ ಅವನಿಗೆ ಎಚ್‌ಐವಿ ಇದೆ ಅಂತ ನಿಮಗೆ ಯಾರು ಹೇಳಿದರು? ಕೊಳಕು ಕೈ, ಕೆಟ್ಟ ನೀರಿನಿಂದ ಬರುವುದು ವಾಂತಿಭೇದಿ, ಟೈಫಾಯಿಡ್, ಕಾಮಾಲೆ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದು ಬಿಡದಿದ್ದರೆ, ಕಣ್ಣು ಹಳದಿಯಾದರೆ ಡಾಕ್ಟರಿಗೆ ತೋರಿಸಿ.