ಸತ್ತಿದ್ದು ಯಾವ ಬ್ಯಾಟರಿ ಅಂತ ಮೊದಲು ನೋಡಿ

ಟೆಸ್ಲಾ ಕಂಪನಿಯ ಎಲೆಕ್ಟ್ರಿಕ್ ಕಾರು ಮಾಡೆಲ್ 3 ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. 2018ರ ಮಾಡೆಲ್ 3 ಲಾಂಗ್ ರೇಂಜ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೋತೀನಿ ಅಂತಾನೆ. ಫೋನ್ ಬ್ಯಾಟರಿಯೇ ಮೂರು ವರ್ಷ ಬರಲ್ಲ, ಆ ಕಾರಿನ ಬ್ಯಾಟರಿ ಸತ್ತೇ ಹೋಗಿರುತ್ತೆ ಅಂತ ವಾಕಿಂಗ್ ಗೆಳೆಯರು ಹೆದರಿಸುತ್ತಿದ್ದಾರೆ. ಬೇಡ ಅನ್ನಲೇ? (ನಿವೃತ್ತ ಮೇಷ್ಟ್ರು, ಮೈಸೂರು)

ಮೇಷ್ಟ್ರೇ, ನಿಮ್ಮ ಗೆಳೆಯರಲ್ಲಿ ಒಬ್ಬರಾದರೂ ಬ್ಯಾಟರಿ ಪ್ಯಾಕ್ ಬಿಚ್ಚಿ ನೋಡಿದ್ದಾರಾ? ನಾನು ಹೊಟ್ಟೆಪಾಡಿಗೆ ಬಿಚ್ಚಿದವನು. ಫೋನು ಜೇಬಲ್ಲಿ ಬೇಯುತ್ತದೆ, ದಿನಾ ಪೂರ್ತಿ ಖಾಲಿಯಾಗಿ ಪೂರ್ತಿ ತುಂಬುತ್ತದೆ. ಮಾಡೆಲ್ 3 ಲಾಂಗ್ ರೇಂಜ್ ಪ್ಯಾಕಿನಲ್ಲಿ 4,416 ಸೆಲ್‌ಗಳಿವೆ. ಒಂದೊಂದೂ 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. ಸಾಲುಗಳ ಮಧ್ಯೆ ತಂಪು ದ್ರವದ ಪಟ್ಟಿ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಈ ಹೆದರಿಕೆಗೆ ಕಾರಣವಾದ ಕಾರು ಬೇರೆ. ಹಳೆಯ ನಿಸಾನ್ ಲೀಫ್‌ಗೆ ಇಂಥ ದ್ರವದ ತಂಪು ಇರಲಿಲ್ಲ. ಅರಿಝೋನಾದ ಬಿಸಿಲಿಗೆ ಅದರ ಬ್ಯಾಟರಿ ಬೇಗ ಸೊರಗಿತು. ಆ ಪಾಪವನ್ನು ಎಲ್ಲ ಕಾರುಗಳ ತಲೆಗೂ ಕಟ್ಟಿಬಿಟ್ಟರು.

ಊಹೆ ಯಾಕೆ, ಅಳೆದು ನೋಡಬಹುದಲ್ಲ? ಈ ಕಾರು ಹೊಸದರಲ್ಲಿ ಒಂದು ಪೂರ್ತಿ ಚಾರ್ಜಿಗೆ 310 ಮೈಲಿ ಓಡುತ್ತದೆ ಅಂತ ಲೆಕ್ಕ. ಮಗ ಒಂದು ಸಲ ಪೂರ್ತಿ ಚಾರ್ಜ್ ಮಾಡಿಸಿ ಪರದೆ ನೋಡಲಿ. 280 ತೋರಿಸಿದರೆ ಹತ್ತರಲ್ಲಿ ಒಂದು ಪಾಲು ಹೋಗಿದೆ ಅಂತ ಅರ್ಥ. ಈ ವಯಸ್ಸಿಗೆ ಅದು ಆರೋಗ್ಯವೇ. ಮೊದಲ ಒಂದೆರಡು ವರ್ಷ ಬೇಗ ಇಳಿದು, ಆಮೇಲೆ ನಿಧಾನವಾಗುವುದು ಈ ಸೆಲ್‌ಗಳ ಸ್ವಭಾವ. ಕಂಪನಿಯ ವಾರಂಟಿ 8 ವರ್ಷ ಅಥವಾ 1,20,000 ಮೈಲಿ, ಯಾವುದು ಮೊದಲೋ ಅದು. ಅಷ್ಟರೊಳಗೆ ಶೇ 70ಕ್ಕಿಂತ ಕೆಳಗಿಳಿದರೆ, ಅಂದರೆ ಸುಮಾರು 217 ಮೈಲಿಗೆ ಬಂದರೆ, ಅವರ ತಲೆನೋವು. 2018ರ ಕಾರಿಗೆ ಈ ಗಡುವು 2026ರವರೆಗೆ ಮಾತ್ರ. ತಾರೀಖು ನೋಡಿಕೊಂಡೇ ಬೆಲೆ ಮಾತಾಡಲಿ.

ನಿಜವಾಗಿ ನೋಡಬೇಕಾದ್ದು ಕಾರಿನ ಬಾಡಿ. ಯಾಕೆ ಅಂತ ಕೇಳಿ. 2016ರ ಮಾರ್ಚ್ 31ರಂದು ಕಾರು ತೋರಿಸಿದರು, ಒಂದೇ ವಾರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ತಲಾ 1,000 ಡಾಲರ್ ಮುಂಗಡ ಕಟ್ಟಿದರು. ಕಾರು ಎಲ್ಲಿತ್ತು? 2017ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ತಯಾರಾಗಿದ್ದು ಬರೀ 260. ಎಲ್ಲಕ್ಕೂ ರೋಬೋಟ್ ಇಟ್ಟು ಕೈಸುಟ್ಟುಕೊಂಡರು. ಬ್ಯಾಟರಿಯ ಮೇಲೆ ಗಾಜುನಾರಿನ ಹಾಸು ಇಡಲು ಒಂದು ರೋಬೋಟ್ ಇತ್ತು. ಆ ಮೆತ್ತನೆ ಹಾಸನ್ನು ಎತ್ತೋಕೇ ಅದಕ್ಕೆ ಬರುತ್ತಿರಲಿಲ್ಲ. ಹಾಸು ಯಾತಕ್ಕೆ ಅಂತ ವಿಚಾರಿಸಿದರೆ, ಸದ್ದು ತಗ್ಗಿಸೋಕೆ ಅಂದರು. ಇಟ್ಟು, ತೆಗೆದು ಎರಡೂ ನೋಡಿದರೆ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲ! ಹಾಸೂ ಹೋಯಿತು, ರೋಬೋಟೂ ಹೋಯಿತು. ಅತಿಯಾಗಿ ಯಂತ್ರ ನಂಬಿದ್ದು ತನ್ನದೇ ತಪ್ಪು ಅಂತ 2018ರ ಏಪ್ರಿಲ್‌ನಲ್ಲಿ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಒಪ್ಪಿಕೊಂಡರು. ಜೂನ್‌ನಲ್ಲಿ ಫ್ರೀಮಾಂಟ್ ಕಾರ್ಖಾನೆಯ ಹೊರಗೆ ದೊಡ್ಡ ಟೆಂಟ್ ಹಾಕಿ, ಅದರಲ್ಲೂ ಕಾರು ಜೋಡಿಸಿ, ವಾರಕ್ಕೆ 5,000ದ ಗುರಿ ಮುಟ್ಟಿಸಿದರು.

ಆ ಗಡಿಬಿಡಿಯ ಗುರುತು ಕಾರಿನ ಮೈಮೇಲಿದೆ. ಬಾಗಿಲು, ಬಾನೆಟ್‌ನ ಸಂದಿಗೆ ಬೆರಳಿಟ್ಟು ನೋಡಲಿ, ಮೇಲೆ ಕೆಳಗೆ ಒಂದೇ ಅಗಲ ಇದೆಯಾ ಅಂತ. ಹಂಪ್ ಹತ್ತುವಾಗ ಮುಂದಿನ ಚಕ್ರದ ಕಡೆಯಿಂದ ಹಳೇ ಬಾಗಿಲಿನ ಹಾಗೆ ಕಿರ್ ಅಂದರೆ ಚಕ್ರವನ್ನು ಹಿಡಿದಿಡುವ ಮೇಲಿನ ತೋಳು, ಕಂಟ್ರೋಲ್ ಆರ್ಮ್, ಹೋಗಿದೆ, ಅದರ ಖರ್ಚು ಬೆಲೆಯಲ್ಲಿ ಕಳೆಯಲಿ. ಆ ವರ್ಷವೇ ಕಾರನ್ನು ಬಿಚ್ಚಿ ಪರೀಕ್ಷಿಸಿದ ಡೆಟ್ರಾಯಿಟ್ ಕಡೆಯ ಎಂಜಿನಿಯರ್ ಸ್ಯಾಂಡಿ ಮನ್ರೋ ಕೂಡ ಬಾಡಿ ಜೋಡಣೆಗೆ ಚೆನ್ನಾಗಿ ಬೈದು, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ತಲೆದೂಗಿದರು.

ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಗೆಳೆಯನ ಕಾರು ಒಂದು ಬೆಳಗ್ಗೆ ಎದ್ದೇಳಲೇ ಇಲ್ಲ. ಪರದೆ ಕಪ್ಪು, ಬಾಗಿಲೂ ತೆರೆಯದು. ಗ್ಯಾರೇಜಿನವನೊಬ್ಬ ಬಂದು, "ಬ್ಯಾಟರಿ ಡೆಡ್, 15 ಸಾವಿರ ಡಾಲರ್" ಅಂದ. ನಾನು ಹೋಗಿ ಮುಂದಿನ ಬಂಪರ್‌ನ ದುಂಡನೆ ಮುಚ್ಚಳ ಒತ್ತಿ ತೆಗೆದೆ. ಒಳಗೆ ಒಂದು ಕೆಂಪು, ಒಂದು ಕಪ್ಪು ವೈರ್. ಅದಕ್ಕೆ ಹೊರಗಿನಿಂದ 12 ವೋಲ್ಟ್ ಕೊಟ್ಟೆ, ಬಾನೆಟ್ ಟಕ್ ಅಂತ ಎದ್ದಿತು. ಸತ್ತಿದ್ದು ಅಲ್ಲಿ ಕೂತಿದ್ದ ಚಿಕ್ಕ 12 ವೋಲ್ಟ್ ಬ್ಯಾಟರಿ, ಮಾಮೂಲಿ ಪೆಟ್ರೋಲ್ ಕಾರಲ್ಲಿ ಇರುತ್ತಲ್ಲ, ಅಂಥದ್ದೇ. ಅದನ್ನು ಬದಲಿಸಿದ ಮೇಲೆ ಕಾರು ಇವತ್ತಿಗೂ ಓಡುತ್ತಿದೆ. ಅಳೆಯದೆ ದರ ಹೇಳುವವನು ಮೆಕ್ಯಾನಿಕ್ ಅಲ್ಲ, ಗಿಣಿಶಾಸ್ತ್ರದವನು. "ಬ್ಯಾಟರಿಗೆ ಜೀವ ತುಂಬುತ್ತೇವೆ" ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಅಂತೂ ಮಗನನ್ನು ಬಿಡಬೇಡಿ.

ಮೇಷ್ಟ್ರೇ, ನಾನಾದರೆ ತಗೋತೀನಿ. ಆದರೆ 2018ರ ಮೊದಲರ್ಧದ ಕಾರನ್ನು ಮುಟ್ಟಲ್ಲ. ನಾನು ಸ್ವಲ್ಪ ಪುಕ್ಕಲ.

ಪ್ರಶ್ನೆ: ಚಾರ್ಜ್ ಶೇ 80ಕ್ಕೆ ನಿಲ್ಲಿಸಬೇಕಾ, 100 ಮಾಡಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಬ್ಬರೂ ಸರಿ, ಕಾರು ಬೇರೆ. ನಿಕ್ಕಲ್ ಸೆಲ್ ಇದ್ದರೆ ದಿನದ ಬಳಕೆಗೆ 80. 2020ರಲ್ಲಿ ಶಾಂಘೈ ಕಾರ್ಖಾನೆಯಿಂದ ಶುರುವಾದ ಕಬ್ಬಿಣ-ಫಾಸ್ಫೇಟ್ ಸೆಲ್ ಇದ್ದರೆ ವಾರಕ್ಕೊಮ್ಮೆ 100 ಮಾಡಿ. ಅದರ ವೋಲ್ಟೇಜ್ ಅರ್ಧ ತುಂಬಿದರೂ ಮುಕ್ಕಾಲು ತುಂಬಿದರೂ ಹೆಚ್ಚು ಕಡಿಮೆ ಒಂದೇ. ಪೂರ್ತಿ ತುಂಬದ ಹೊರತು ಕಂಪ್ಯೂಟರಿಗೆ ಲೆಕ್ಕ ಸಿಗಲ್ಲ. ಯಾವ ಸೆಲ್ ಅಂತ ಪರದೆಯಲ್ಲೇ ಬರೆದಿರುತ್ತದೆ. ಸ್ವಲ್ಪ ಓದಿ.

ಪ್ರಶ್ನೆ: ಮಾಡೆಲ್ 3 ಕಾರನ್ನು 35,000 ಡಾಲರ್‌ಗೆ ಕೊಡುತ್ತೇವೆ ಅಂದಿದ್ದರಲ್ಲ?

2019ರ ಫೆಬ್ರವರಿ ಕೊನೆಗೆ ಕೊಟ್ಟರು. ಏಪ್ರಿಲ್‌ನಲ್ಲಿ ವೆಬ್‌ಸೈಟಿನಿಂದ ತೆಗೆದರು. ಕಾಯುತ್ತಾ ಕೂರಬೇಡಿ.

ಪ್ರಶ್ನೆ: ವಾಪಸ್ ಬರುವಾಗ ಅಮೆರಿಕದ ಕಾರನ್ನು ಬೆಂಗಳೂರಿಗೆ ತರಬಹುದಾ?

ಸ್ಟೀರಿಂಗ್ ಎಡಗಡೆ ಇದೆ ಸ್ವಾಮಿ. ಆಗಲ್ಲ.

ಪ್ರಶ್ನೆ: ಮಳೆ ನೀರಲ್ಲಿ ಹೋದರೆ ಶಾಕ್ ಹೊಡೆಯುತ್ತಾ?

ಇಲ್ಲ. ಮುಂದಿನ ತಿಂಗಳು ಇದನ್ನು ಕೇಳಿದರೆ ಉತ್ತರವೂ ಇಲ್ಲ.