ವಿಡಿಯೊ ನೋಡಿ ಗಾಲ್ಫ್ ಸ್ವಿಂಗ್ ತಿದ್ದಿಕೊಳ್ಳಬಹುದೇ?

ಪ್ರಶ್ನೆ: ಎರಡು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದೇನೆ. ಬಲಗೈ ಆಟ. ಡ್ರೈವರ್‌ನಿಂದ (ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಹೊಡೆದ ಚೆಂಡು ಸದಾ ಬಲಕ್ಕೆ ಬಾಗುತ್ತದೆ. ಹತ್ತಾರು ಬೋಧನಾ ವಿಡಿಯೊಗಳನ್ನು ನೋಡಿದರೂ ಪ್ರಯೋಜನವಾಗಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಹತ್ತಾರು ನೋಡಿದ್ದೇ ತೊಡಕಾಗಿರಬಹುದು, ಏಕೆಂದರೆ ಎಡಕ್ಕೆ ಬಾಗುವ ಹೊಡೆತವನ್ನು ತಿದ್ದುವ ವಿಡಿಯೊದ ಸಲಹೆ ತಮ್ಮ ದೋಷವನ್ನು ಇನ್ನಷ್ಟು ಬೆಳೆಸುತ್ತದೆ. ತಮ್ಮದು ‘ಸ್ಲೈಸ್’, ಅಂದರೆ ಬಲಕ್ಕೆ ಬಾಗುವ ಹೊಡೆತ. ಚೆಂಡಿಗೆ ತಗಲುವ ಕ್ಷಣದಲ್ಲಿ ಕ್ಲಬ್ಬಿನ ಮುಖವು ಕ್ಲಬ್ ಸಾಗುವ ಹಾದಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಇದಕ್ಕೆ ಅಂಜಿ ಆಟಗಾರರು ಎಡಕ್ಕೆ ಬೀಸತೊಡಗಿದರೆ, ಮುಖಕ್ಕೂ ಹಾದಿಗೂ ನಡುವಿನ ಅಂತರ ಹಿಗ್ಗಿ ಬಾಗು ಹೆಚ್ಚುತ್ತದೆ. ಕೆಳಮುಖದ ಬೀಸು ಸುಮಾರು ಕಾಲು ಸೆಕೆಂಡಿನಲ್ಲಿ ಮುಗಿಯುವುದರಿಂದ ನಡುವೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದ ಹಿಡಿತದಿಂದಲೇ ಆರಂಭಿಸಿ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು ಬೆರಳುಗೆಣ್ಣುಗಳಾದರೂ ಕಾಣಬೇಕು.

ಇತರರ ಸ್ವಿಂಗಿಗಿಂತ ತಮ್ಮದನ್ನೇ ಚಿತ್ರಿಸಿಕೊಳ್ಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಫೋನನ್ನು ಗುರಿರೇಖೆಗೆ (ಚೆಂಡಿನಿಂದ ಗುರಿಯತ್ತ ಸಾಗುವ ರೇಖೆ) ಸಮಾನಾಂತರವಾಗಿ, ಗುರಿಗೆ ವಿರುದ್ಧ ದಿಕ್ಕಿನಲ್ಲಿ, ಕೈಗಳ ಎತ್ತರಕ್ಕೆ ನಿಲ್ಲಿಸಿ. ಕೋನ ಸ್ವಲ್ಪ ಓರೆಯಾದರೂ ಸರಿಯಾದ ಹಾದಿಯೇ ತಪ್ಪಾಗಿ ಕಾಣುತ್ತದೆ. ನಿಧಾನಗತಿಯಲ್ಲಿ ಒಂದೇ ಅಂಶವನ್ನು ಗಮನಿಸಿ. ಹಿಡಿತ ಬದಲಿಸಿದ ಮೊದಲ ದಿನಗಳಲ್ಲಿ ಕೈಗೆ ಇರುಸುಮುರುಸಾಗುವುದು ಸಹಜ. ಅದಕ್ಕಾಗಿ ಹೊಸ ವಿಡಿಯೊ ಹುಡುಕಬೇಡಿ.