ವಿಮಾನಕ್ಕೆ ಇಂಧನ ತುಂಬಿಸುವಾಗ ಕಟ್ಟುವ ವೈರ್ ಅರ್ತಿಂಗಾ?

"ವಿಮಾನದ ಟೈರ್ ರಬ್ಬರಿನದ್ದು. ಹಾಗಾಗಿ ಆ ವೈರ್ ಅರ್ತಿಂಗಿಗೆ ತಾನೇ?" ಅಂತ ಕೇಳಿದ್ದೀರಿ. ಕೆಲವು ವರ್ಷ ಇದೇ ಕೆಲಸ ಮಾಡಿದವನು ನಾನು. ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಅದು ಅರ್ತಿಂಗ್ ಅಲ್ಲ. ವೈರಿನ ಒಂದು ತುದಿ ಬೌಸರಿಗೆ, ಅಂದರೆ ಇಂಧನ ತುಂಬಿಸುವ ಲಾರಿಗೆ, ಇನ್ನೊಂದು ವಿಮಾನದ ಲೋಹಕ್ಕೆ. ನೆಲದ ಮಾತೇ ಇಲ್ಲ. ಇದಕ್ಕೆ ಬಾಂಡಿಂಗ್ ಅನ್ನುತ್ತೇವೆ. ಲಾರಿ, ವಿಮಾನ ಎರಡೂ ಒಂದೇ ವೋಲ್ಟೇಜಿನಲ್ಲಿದ್ದರೆ ನಡುವೆ ಕಿಡಿ ಹಾರಲು ಕಾರಣವಿಲ್ಲ, ಅಲ್ವಾ? ಇನ್ನು ಟೈರ್ ರಬ್ಬರಿನಲ್ಲಿ ಕಾರ್ಬನ್ ಇರುತ್ತದೆ, ತಿಕ್ಕಾಟದಿಂದ ಹುಟ್ಟಿ ಕೂತ ವಿದ್ಯುತ್ ಚಾರ್ಜ್ ಅದರ ಮೂಲಕವೂ ನಿಧಾನಕ್ಕೆ ನೆಲಕ್ಕೆ ಇಳಿಯುತ್ತದೆ.

ವೈರ್ ಕಟ್ಟುವುದರಲ್ಲೂ ಕ್ರಮ ಇದೆ. ರೆಕ್ಕೆಯ ಮೇಲಿನಿಂದ ತುಂಬಿಸುವ ಚಿಕ್ಕ ವಿಮಾನವಾದರೆ ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ವೈರ್, ಮೊದಲೇ ನಾಝಲ್ಲಿಗೂ ಬೇರೆ ಬಾಂಡಿಂಗ್. ಬಿಚ್ಚುವಾಗ ಮುಚ್ಚಳ ಹಾಕಿದ ಮೇಲೇ ವೈರಿಗೆ ಕೈ. ಒಮ್ಮೆ ನಾನು ಕ್ಲಿಪ್ಪನ್ನು ಪೇಂಟ್ ಇದ್ದ ಜಾಗಕ್ಕೆ ಕಚ್ಚಿಸಿದ್ದೆ. ಸೀನಿಯರ್ ನೋಡಿ, "ದಾರ ಕಟ್ಟಿದ್ದೀಯ ಕಣೋ, ವೈರಲ್ಲ" ಅಂದರು. ಆಮೇಲೆ ಬರಿಯ ಲೋಹ ಹುಡುಕದೆ ಕ್ಲಿಪ್ ಹಾಕಿದ್ದಿಲ್ಲ.

ಆದರೆ ಈ ವೈರಿಗೂ ನಿಲುಕದ ಚಾರ್ಜ್ ಒಂದಿದೆ. ಅದು ಇಂಧನದ ಒಳಗಿನದು. ಸಣ್ಣ ಕಸ, ನೀರು ತಡೆಯುವ ಫಿಲ್ಟರಿನಲ್ಲಿ ನುಗ್ಗಿ ಬರುವಾಗಲೇ ಅದು ಜಾಸ್ತಿ ಹುಟ್ಟುವುದು, ತಲೆಗೂದಲಿಗೆ ಬಾಚಣಿಗೆ ತಿಕ್ಕಿದ ಹಾಗೆ. ಸೀಮೆಎಣ್ಣೆಯ ಜಾತಿಯ ಜೆಟ್ ಇಂಧನದಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಹಾಗಾಗಿ ಚಾರ್ಜ್ ಹೊತ್ತುಕೊಂಡೇ ಅದು ಟ್ಯಾಂಕಿಗೆ ಹೋಗುತ್ತದೆ, ಒಳಗೇ ಕಿಡಿ ಹಾರಬಹುದು. ಅದಕ್ಕೇ ಲೀಟರಿಗೆ ಕೆಲವೇ ಮಿಲಿಗ್ರಾಂ ಲೆಕ್ಕದಲ್ಲಿ ಚಾರ್ಜ್ ಇಳಿಸುವ ರಾಸಾಯನಿಕ ಬೆರೆಸುತ್ತಾರೆ. ಅದು ಬೆರೆತ ಜೆಟ್ ಎ-1 ಅನ್ನುವ ಜೆಟ್ ಇಂಧನದ ವಾಹಕತೆ, ಅಂದರೆ ವಿದ್ಯುತ್ ಹರಿಸುವ ಗುಣ, ಮೀಟರಿಗೆ 50ರಿಂದ 600 ಪಿಕೋಸೀಮೆನ್ಸ್ ಇರಬೇಕು. ನನ್ನ ಕೇಳಿದರೆ ನಿಮಗೆ ಕಾಣುವ ವೈರಿಗಿಂತ ಕಾಣದ ಈ ಹನಿಯೇ ದೊಡ್ಡ ಕಾವಲು.

ಜೆಟ್ ಎ-1ರ ಫ್ಲಾಶ್ ಪಾಯಿಂಟ್ ಕನಿಷ್ಠ 38 ಡಿಗ್ರಿ. ಅದಕ್ಕಿಂತ ತಣ್ಣಗಿದ್ದರೆ ಅದರ ಆವಿ ಸುಲಭಕ್ಕೆ ಹೊತ್ತಿಕೊಳ್ಳದು. ಹಾಗಂತ ಸುಮ್ನೆ ಇರುವಂತಿಲ್ಲ, ಕಲಬುರಗಿಯ ಮೇ ಬಿಸಿಲಲ್ಲಿ ಗಾಳಿಯೇ ಅದನ್ನು ದಾಟುತ್ತದೆ. ಪಿಸ್ಟನ್ ಇಂಜಿನ್ನಿನ ವಿಮಾನಗಳ ಏವ್‌ಗ್ಯಾಸ್ ಅಂತೂ ಪೆಟ್ರೋಲ್ ಥರ, ಚಳಿಯಲ್ಲೂ ಆವಿ ಬಿಡುತ್ತದೆ. ಅದನ್ನು ವೈರ್ ಕಟ್ಟಲು ಲೋಹವೇ ಇಲ್ಲದ ಪ್ಲಾಸ್ಟಿಕ್ ಕ್ಯಾನಿನಿಂದ ಸುರಿಯುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಮಾತ್ರ ಯಾವ ವೈರನ್ನೂ ನಂಬುವುದಿಲ್ಲ. ಪೈಪ್ ಬಿಚ್ಚಿ ದೂರ ಹೋಗುತ್ತೇವೆ. ನಿಮ್ಮ ವಿಮಾನ ತಡವಾದರೂ ಸರಿ.